ಮೇಪಲ್ ಸಿರಪ್ ಕಪ್ಪಗಿದ್ದರೆ ಕೆಟ್ಟದ್ದಲ್ಲ: ವರ್ಮಾಂಟಿನ ಒಂದು ಷುಗರ್‌ಹೌಸ್‌ನಿಂದ

ಶಿರಸಿ ಕಡೆಯವಳು (ವರ್ಮಾಂಟ್)

ಮೊನ್ನೆ ಬೆಂಗಳೂರಿನವರೊಬ್ಬರು ಈ ಚರ್ಚಾ ವೇದಿಕೆಯಲ್ಲಿ ಕೇಳಿದ್ದರು: "ತಮ್ಮ ಅಮೆರಿಕದಿಂದ ತಂದುಕೊಟ್ಟ ಮೇಪಲ್ ಸಿರಪ್ ಡಿಕಾಕ್ಷನ್ ಥರ ಕಪ್ಪಗಿದೆ. ಹಳೇ ಮಾಲು ಕೊಟ್ಟು ಕಳಿಸಿದ್ದಾರಾ?" ಎರಡು ಸಾಲಲ್ಲಿ ಉತ್ತರ ಬರೆಯೋಣ ಅಂತ ಕೂತೆ. ಆಗಲಿಲ್ಲ. ಹಾಗಾಗಿ ಈ ಚರ್ಚೆಯನ್ನೇ ಬೇರೆ ಶುರು ಮಾಡಿದ್ದೇನೆ. ಅವರಿಗೆ ಮೊದಲು ಹೇಳಿಬಿಡುತ್ತೇನೆ: ದಯವಿಟ್ಟು ಅದನ್ನು ಚೆಲ್ಲಬೇಡಿ. ನಿಮ್ಮ ತಮ್ಮ ಒಳ್ಳೆಯದನ್ನೇ ತಂದಿದ್ದಾರೆ. ಗೊತ್ತಿಲ್ಲದವರಿಗೆ: ಮೇಪಲ್ ಮರದ ರಸವನ್ನು ಕಾಯಿಸಿ ಮಾಡುವ ಸಿಹಿ ಪಾಕವೇ ಮೇಪಲ್ ಸಿರಪ್, ಅದನ್ನು ಕಾಯಿಸುವ ಕಟ್ಟಡ ಷುಗರ್‌ಹೌಸ್.

ನಾನು ಆಲೆಮನೆ ನೋಡಿಕೊಂಡೇ ಬೆಳೆದವಳು. ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ಬಂದ ಮೊದಲ ಮಾರ್ಚ್ ತಿಂಗಳಲ್ಲಿ ರಸ್ತೆಯಾಚೆಯ ಗುಡ್ಡದ ಮೇಲಿದ್ದ ಹಲಗೆ ಕಟ್ಟಡದ ಮಾಡಿನಿಂದ ಬಿಳಿ ಹೊಗೆ ಏಳುತ್ತಿತ್ತು. ಬೆಂಕಿ ಬಿದ್ದಿದೆ ಅಂದುಕೊಂಡು ಹಿಮದಲ್ಲಿ ಓಡಿದೆ. ಹತ್ತಿರ ಹೋದರೆ ಹೊಗೆಯಲ್ಲ, ಹಬೆ. ಬಾಗಿಲಲ್ಲಿ ನಿಂತಾಗ ಬಂದ ವಾಸನೆ ನಮ್ಮೂರಿನ ಆಲೆಮನೆಯದೇ. ಒಳಗಿದ್ದ ಅಜ್ಜ ಏನೂ ಕೇಳದೆ ಒಂದು ಸಣ್ಣ ಲೋಟದಲ್ಲಿ ಬಿಸಿ ಸಿರಪ್ ಕೊಟ್ಟರು. ಅವತ್ತಿನಿಂದ ಆರು ವರ್ಷ, ಸೀಸನ್ನಿನ ಸಂಜೆಗಳು ನನಗೆ ಅಲ್ಲೇ. ಒಲೆಗೆ ಸೌದೆ ಹಾಕುವುದು, ಸೋಸುವುದು, ಬಾಟಲಿ ತುಂಬುವುದು ನನ್ನ ಪಾಲಿನ ಕೆಲಸ. ಹದ ನೋಡುವ ಕೆಲಸ ಹೋದ ವರ್ಷದಿಂದಷ್ಟೇ ಕೊಟ್ಟಿದ್ದಾರೆ.

ರಸ ಇಳಿಸಲು ಮರಕ್ಕೆ ತೂತು ಕೊರೆಯುತ್ತಾರೆ. ಆ ಅಜ್ಜನ ಮನೆಯವರದು ಸುಮಾರು ಆರುನೂರು ತೂತು. ಅಲ್ಲಿ ಲೆಕ್ಕ ಮರದ್ದಲ್ಲ, ತೂತಿನದು. ಷುಗರ್ ಮೇಪಲ್ ಮರಕ್ಕೆ ಒಂದು ಅಡಿಯಷ್ಟಾದರೂ ಅಡ್ಡಗಲ ಬಂದ ಮೇಲೆಯೇ ಅವರು ಬೈರಿಗೆ ಹಿಡಿಯುವುದು. ಅಷ್ಟು ದಪ್ಪವಾಗಲು ಮರಕ್ಕೆ ನಲವತ್ತು ವರ್ಷ ಬೇಕು. ತೂತು ನಮ್ಮ ಕಿರುಬೆರಳಿಗಿಂತ ಸಣ್ಣದು, ಆಳ ಎರಡು ಇಂಚಿನೊಳಗೆ. ಅದಕ್ಕೊಂದು ನಳಿಕೆ ತಟ್ಟಿದರೆ ಮುಗಿಯಿತು. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದು, ಹಗಲು ನಾಲ್ಕೈದು ಡಿಗ್ರಿಗೆ ಏರಿದರೆ ಮಾತ್ರ ರಸ ಬರುತ್ತದೆ. ಇಡೀ ದಿನ ಚಳಿಯಿದ್ದರೆ ಇಲ್ಲ, ಇಡೀ ದಿನ ಬೆಚ್ಚಗಿದ್ದರೂ ಇಲ್ಲ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರಗಳವರೆಗೆ ಈ ಆಟ. ಅದರಲ್ಲಿ ನಿಜವಾಗಿ ಒಲೆ ಉರಿಯುವುದು ಹದಿನೈದು ಇಪ್ಪತ್ತು ದಿನ ಇರಬಹುದು.

ರಸ ನೋಡಲು ನೀರು, ಕುಡಿದರೆ ಎಳನೀರಿಗಿಂತ ಸಪ್ಪೆ. ಸಕ್ಕರೆ ನೂರಕ್ಕೆ ಎರಡು. ನಲವತ್ತು ಲೀಟರ್ ಕಾಯಿಸಿದರೆ ಒಂದು ಲೀಟರ್ ಸಿರಪ್. ಒಂದು ತೂತಿನಿಂದ ಇಡೀ ಸೀಸನ್ನಿಗೆ ಸಿಗುವುದೂ ಹೆಚ್ಚುಕಮ್ಮಿ ಆ ನಲವತ್ತು ಲೀಟರೇ. ಅಂದರೆ ನಿಮ್ಮ ಅಡುಗೆಮನೆಯ ಒಂದು ಲೀಟರ್ ಬಾಟಲಿ, ಒಂದು ತೂತಿನ ಒಂದು ವರ್ಷದ ದುಡಿಮೆ.

ಈಗ ಬಣ್ಣದ ವಿಷಯ. ಸೀಸನ್ನಿನ ಮೊದಲ ರಸ ಕಾಯಿಸಿದರೆ ತೆಳು ಹೊಂಬಣ್ಣ, ಘಮ ತುಂಬ ಮೆತ್ತಗೆ. ದಿನ ಬೆಚ್ಚಗಾಗುತ್ತ ಹೋದ ಹಾಗೆ ರಸದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹೆಚ್ಚುತ್ತವೆ, ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತವೆ. ಅವು ಒಲೆಯ ಮೇಲೆ ಬೇಗ ಕಂದುಗಟ್ಟುತ್ತವೆ. ಅದೇ ಕಾಡು, ಅದೇ ಒಲೆ, ಕಾಯಿಸುವವರೂ ಅವರೇ. ಮಾರ್ಚ್ ಮೊದಲ ವಾರದ್ದು ಜೇನಿನ ಹಾಗೆ, ಏಪ್ರಿಲ್‌ದು ನಮ್ಮ ಜೋನಿಬೆಲ್ಲದ ಹಾಗೆ. ಷುಗರ್‌ಹೌಸ್ ಕಿಟಕಿಯಲ್ಲಿ ದಿನಕ್ಕೊಂದು ಸಣ್ಣ ಸೀಸೆ ಸಾಲಾಗಿ ಇಟ್ಟಿರುತ್ತಾರೆ. ಬೆಳಕಿಗೆ ಎಡದಿಂದ ಬಲಕ್ಕೆ ನೋಡುತ್ತ ಹೋದರೆ ಇಡೀ ವಸಂತ ಕಾಣುತ್ತದೆ. ಬಣ್ಣ ಹೇಳುವುದು ಯಾವ ದಿನದ್ದು ಅಂತ. ಶುದ್ಧವೋ ಅಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪಾಂಡವಪುರ ರೈತ

ಅಕ್ಕಾ, ಓದ್ತಾ ಓದ್ತಾ ನಮ್ಮ ಆಲೆಮನೇಲೇ ಕೂತಂಗಾಯ್ತು. ನಮ್ಮದು ಅಪ್ಪನ ಕಾಲದಿಂದ ಗಾಣ. ಕಬ್ಬಿನ ಹಾಲಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಸಿಹಿ ಇರ್ತದೆ, ಅದನ್ನ ಬೆಲ್ಲ ಮಾಡೋಕೇ ನಾವು ಬೆವರು ಸುರಿಸ್ತೀವಿ. ನೂರಕ್ಕೆ ಎರಡು ಅಂದ್ರೆ ಅಷ್ಟು ನೀರು ಓಡಿಸೋಕೆ ಸೌದೆ ಎಲ್ಲಿಂದ ತರ್ತಾರೆ? ನಮಗೆ ಕಬ್ಬಿನ ಸಿಪ್ಪೇನೇ ಉರುವಲು, ಅವರಿಗೆ ಅದೂ ಇಲ್ಲವಲ್ಲ.

ಬಣ್ಣದ ಮಾತು ಎದೆಗೆ ನಾಟ್ತು. ಇಲ್ಲಿ ಮಾರ್ಕೆಟ್‌ಗೆ ತಗೊಂಡೋದ್ರೆ ಹಳದಿ ಬೆಲ್ಲಕ್ಕೇ ರೇಟು. ಕಪ್ಪು ಬೆಲ್ಲ ಅಂದ್ರೆ ಮುಖ ತಿರುಗಿಸ್ತಾರೆ. ಅದಕ್ಕೇ ಹೈಡ್ರೋಸ್ ಅನ್ನೋ ಬಣ್ಣ ತಿಳಿ ಮಾಡೋ ರಾಸಾಯನಿಕ ಹಾಕೋದು. ಹಾಕ್ಬಾರ್ದು ಅಂತ ನಮಗೂ ಗೊತ್ತು. ಹಾಕ್ದೆ ಹೋದ್ರೆ ಕೇಳೋರಿಲ್ಲ. ಅಲ್ಲಿ ಏನಾದ್ರೂ ಹಾಕ್ತಾರಾ?

ಶಿರಸಿ ಕಡೆಯವಳು (ವರ್ಮಾಂಟ್)

ತಮ್ಮಾ, ನಿಮ್ಮ ಮಾತು ಪೂರ್ತಿ ನಿಜ, ನೋವೂ ಆಯಿತು. ಇಲ್ಲೂ ಅದೇ ಕಥೆ ನಡೆದಿದೆ. ಮೊದಲೆಲ್ಲ ತೆಳು ಬಣ್ಣದ್ದಕ್ಕೆ 'ಫ್ಯಾನ್ಸಿ' ಅಂತ ಹೆಸರು, ಹೆಚ್ಚಿನ ಬೆಲೆ. ಬಿಳಿ ಸಕ್ಕರೆಗೆ ಹತ್ತಿರ ಕಂಡಷ್ಟೂ ಬೆಲೆ. ಕಪ್ಪಿಗೆ 'ಗ್ರೇಡ್ ಬಿ' ಅಂತ ಚೀಟಿ ಅಂಟಿಸಿ ಅಡುಗೆಗೆ ತಳ್ಳುತ್ತಿದ್ದರು. 2014ರಲ್ಲಿ ವರ್ಮಾಂಟ್ ಆ ಪದ್ಧತಿ ಬಿಟ್ಟಿತು. ಈಗ ಅಂಗಡಿಗೆ ಬರುವ ನಾಲ್ಕೂ ಬಣ್ಣ 'ಗ್ರೇಡ್ ಎ'ಯೇ: ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್. ಪಕ್ಕದಲ್ಲಿ ರುಚಿ ಮೆತ್ತಗೋ ಗಟ್ಟಿಯೋ ಅಂತಲೂ ಬರೆದಿರುತ್ತದೆ. ನಮ್ಮಜ್ಜನ ಷುಗರ್‌ಹೌಸ್‌ನಲ್ಲಿ ಈಗ ಮೊದಲು ಖಾಲಿಯಾಗುವುದು ಡಾರ್ಕ್. ಚೀಟಿ ಬದಲಾದದ್ದಕ್ಕೆ ಜನರ ನಾಲಿಗೆಯೂ ಬದಲಾಯಿತು. ಮಂಡ್ಯದ ಬೆಲ್ಲಕ್ಕೂ ಹಾಗಾಗಬೇಕು ಅಂತ ನನಗೆ ಬಹಳ ಆಸೆ.

ಹಾಕುವುದು ಏನೂ ಇಲ್ಲ, ಒಂದನ್ನು ಬಿಟ್ಟು. ನೊರೆ ಉಕ್ಕಿ ಬಂದಾಗ ನೀವು ಏನು ಮಾಡುತ್ತೀರಿ? ಎಣ್ಣೆ ಚಿಮುಕಿಸುತ್ತೀರಿ ಅಲ್ಲವೇ. ಇಲ್ಲೂ ಹಾಗೆಯೇ. ನಮ್ಮಜ್ಜ ಒಂದು ಹನಿ ಕ್ರೀಮ್ ಬಿಡುತ್ತಾರೆ, ನೊರೆ ಕಣ್ಣೆದುರೇ ಕುಸಿಯುತ್ತದೆ. ಕೆಲವರು ಸೂರ್ಯಕಾಂತಿ ಎಣ್ಣೆ ಬಳಸುತ್ತಾರೆ. ಹಿಂದಿನ ಕಾಲದಲ್ಲಿ ಹಂದಿ ಕೊಬ್ಬಿನ ತುಂಡನ್ನು ದಾರಕ್ಕೆ ಕಟ್ಟಿ ರಸ ಕಾಯಿಸುವ ತಟ್ಟೆಯ ಮೇಲೆ ತೂಗುಬಿಡುತ್ತಿದ್ದರಂತೆ. ನನ್ನ ಹಾಗೆ ಶುದ್ಧ ಸಸ್ಯಾಹಾರಿಗಳಿದ್ದರೆ ಕೊಳ್ಳುವ ಮುಂಚೆ ಒಂದು ಮಾತು ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸೌದೆ: ಸುಮಾರು ಮೂರೂವರೆ ಘನ ಮೀಟರ್ ಒಣ ಸೌದೆಗೆ ತೊಂಬತ್ತು ಚಿಲ್ಲರೆ ಲೀಟರ್ ಸಿರಪ್ ಅನ್ನುವುದು ಹಳಬರ ಲೆಕ್ಕ. ಬೇಸಿಗೆಯಲ್ಲಿ ಕಾಡು ಸವರುವಾಗ ಕಡಿದ ಮರವನ್ನು ಸೀಳಿ ಪೇರಿಸಿ ಒಂದು ವರ್ಷ ಒಣಗಿಸುತ್ತಾರೆ. ಏಳೆಂಟು ನಿಮಿಷಕ್ಕೊಮ್ಮೆ ಒಲೆಯ ಬಾಗಿಲು ತೆಗೆದು ತುಂಬುತ್ತಲೇ ಇರಬೇಕು. ದೊಡ್ಡ ಉತ್ಪಾದಕರು ಈಗ ಆರ್‌ಒ ಯಂತ್ರ ಇಟ್ಟಿದ್ದಾರೆ, ಮನೆಯಲ್ಲಿ ಕುಡಿಯುವ ನೀರಿಗೆ ಇರುವಂಥದ್ದೇ ತತ್ವ. ಮುಕ್ಕಾಲು ಪಾಲು ನೀರನ್ನು ಅದೇ ತೆಗೆದುಬಿಡುತ್ತದೆ. ಎರಡಿದ್ದದ್ದು ಎಂಟಾಗಿ ಒಲೆಗೆ ಬರುತ್ತದೆ, ಸೌದೆ ಉಳಿಯುತ್ತದೆ.

ನಿವೃತ್ತ ಬಾಟನಿ ಮೇಷ್ಟ್ರು

ಒಳ್ಳೆಯ ಚರ್ಚೆ. ಒಂದು ವಿಷಯ ಸೇರಿಸುತ್ತೇನೆ. ನಮ್ಮ ಕಡೆ ಈಚಲು, ಬಗನಿ, ತೆಂಗಿನಿಂದ ನೀರಾ ಇಳಿಸುತ್ತೇವಲ್ಲ, ಅದು ಹೊಂಬಾಳೆ ಕೊಯ್ದು ಅಥವಾ ಕಾಂಡದ ತಲೆ ಕೆತ್ತಿ ತೆಗೆಯುವ ರಸ. ಎಲೆ ತಯಾರಿಸಿದ ಸಕ್ಕರೆಯನ್ನು ಗಿಡದ ತುಂಬ ಹಂಚುವ ನಾಳಗಳದ್ದು. ಅದಕ್ಕೇ ಅಷ್ಟು ಸಿಹಿ. ಮೇಪಲ್‌ನ ರಸ ಬೇರಿನಿಂದ ನೀರು ಏರುವ ನಾಳಗಳದ್ದು. ಬೇಸಿಗೆಯಲ್ಲಿ ಕೂಡಿಟ್ಟ ಪಿಷ್ಟ ಚಳಿಗಾಲದಲ್ಲಿ ಸಕ್ಕರೆಯಾಗಿ ಕರಗಿ ಆ ನೀರಿಗೆ ಸೇರುತ್ತದೆ.

ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಬೇಕು ಎಂದಿರಲ್ಲ, ಅದಕ್ಕೆ ಕಾರಣ ಚೆಂದವಾಗಿದೆ. ಹೆಚ್ಚಿನ ಮರಗಳಲ್ಲಿ ನಾಳಗಳ ಸುತ್ತಲ ನಾರಿನ ಕೋಶಗಳಲ್ಲಿ ನೀರಿರುತ್ತದೆ. ಮೇಪಲ್‌ನಲ್ಲಿ ಗಾಳಿ ಇರುತ್ತದೆ. ಚಳಿಗೆ ಆ ಗಾಳಿ ಕುಗ್ಗುತ್ತದೆ, ಕೋಶದೊಳಗೆ ಮಂಜುಗಡ್ಡೆ ಕಟ್ಟುತ್ತದೆ, ಮರ ಬೇರಿನಿಂದ ನೀರು ಹೀರುತ್ತದೆ. ಬಿಸಿಲಿಗೆ ಮಂಜು ಕರಗಿ, ಸಿಕ್ಕಿಬಿದ್ದ ಗಾಳಿ ಹಿಗ್ಗಿ, ರಸವನ್ನು ಹೊರಕ್ಕೆ ಒತ್ತುತ್ತದೆ. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಮೇಪಲ್ ನೆಟ್ಟರೆ ಸಿರಪ್ ತೆಗೆಯಬಹುದೇ ಎಂದು ಆಗಾಗ ಕೇಳುತ್ತಾರೆ. ಮರ ಬದುಕಿದರೂ ವಾರಗಟ್ಟಲೆ ಹೆಪ್ಪುಗಟ್ಟಿ ಕರಗುವ ಆ ರಾತ್ರಿ ಹಗಲು ನಮ್ಮಲ್ಲಿಲ್ಲ.

ಮರಕ್ಕೆ ಪೆಟ್ಟಾಗುವುದಿಲ್ಲವೇ ಎಂಬುದು ನನ್ನ ಪ್ರಶ್ನೆ.

ಶಿರಸಿ ಕಡೆಯವಳು (ವರ್ಮಾಂಟ್)

ಮೇಷ್ಟ್ರೇ, ನಮಸ್ಕಾರ. ಗಾಳಿಯ ವಿಷಯ ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ.

ಪೆಟ್ಟಾಗುತ್ತದೆ. ಚಿಕ್ಕದು, ಆದರೆ ಆಗುತ್ತದೆ. ಮರ ಆ ತೂತಿನ ಸುತ್ತ ಗೋಡೆ ಕಟ್ಟಿಕೊಂಡು ಬಿಡುತ್ತದೆ. ತೂತು ಹೊರಗಿನಿಂದ ಮುಚ್ಚಿಕೊಂಡರೂ ಒಳಗೆ ಮೇಲಕ್ಕೂ ಕೆಳಕ್ಕೂ ಕಂದು ಪಟ್ಟೆ ಉಳಿಯುತ್ತದೆ, ಅಲ್ಲಿ ಮತ್ತೆಂದೂ ರಸ ಹರಿಯುವುದಿಲ್ಲ. ಅದಕ್ಕೇ ಪ್ರತಿ ವರ್ಷ ಹೊಸ ಜಾಗ. ಆ ಮನೆಯ ಅಜ್ಜಿ ಹಳೆಯ ಗುರುತನ್ನು ಕೈಯಲ್ಲಿ ಸವರಿ ಹುಡುಕಿ, ಅದರಿಂದ ಪಕ್ಕಕ್ಕೂ ಮೇಲಕ್ಕೂ ಸರಿದು ಬೈರಿಗೆ ಇಡುತ್ತಾರೆ. ಬೈರಿಗೆಯಿಂದ ಬರುವ ಪುಡಿ ಕೆನೆ ಬಣ್ಣ ಇರಬೇಕು. ಕಂದು ಬಂದರೆ ಅಲ್ಲಿಗೇ ನಿಲ್ಲಿಸಿ. ಸೊರಗಿದ ಮರವಾದರೆ ಆ ವರ್ಷ ಅದಕ್ಕೆ ರಜೆ. ಅಜ್ಜನ ಅಜ್ಜ ತೂತು ಕೊರೆದ ಮರಗಳಿಂದ ಈಗಲೂ ರಸ ಬರುತ್ತಿದೆ.

ಈ ವಿದ್ಯೆ ಬಿಳಿಯರದ್ದಲ್ಲ ಅನ್ನುವುದನ್ನೂ ಹೇಳಬೇಕು. ಇಲ್ಲಿಯ ಅಬೆನಾಕಿ, ಆಚೆ ಕಡೆಯ ಹೌಡೆನೊಸೌನಿ, ಅನಿಶಿನಾಬೆ ಜನ ಯುರೋಪಿನವರು ಬರುವುದಕ್ಕೂ ಮುಂಚಿನಿಂದ ರಸ ಇಳಿಸುತ್ತಿದ್ದರು. ಬರ್ಚ್ ತೊಗಟೆಯ ದೊನ್ನೆಯಲ್ಲಿ ಹಿಡಿದು, ಒಣ ಸಕ್ಕರೆ ಮಾಡಿ ವರ್ಷಪೂರ್ತಿ ಇಟ್ಟುಕೊಳ್ಳುತ್ತಿದ್ದರು. ಬಂದವರಿಗೆ ಕಲಿಸಿದವರು ಅವರು.

ಮಿಚಿಗನ್ ಹಿತ್ತಲು

ಅಕ್ಕ, ನಮ್ಮ ಹಿತ್ತಲಲ್ಲಿ ಮೂರು ಸಿಲ್ವರ್ ಮೇಪಲ್ ಇವೆ. ಎರಡು ಬಕೆಟ್ ರಸ ಹಿಡಿದು ಮೊನ್ನೆ ಅಡುಗೆಮನೆಯ ಒಲೆಯಲ್ಲೇ ಕಾಯಿಸಿದೆ. ಗೋಡೆಯೆಲ್ಲ ನೀರಿಳಿದು ಕಪಾಟಿನ ಅಂಟು ಬಿಟ್ಟಿತು. ಕೊನೆಗೆ ಹದ ಗೊತ್ತಾಗದೆ ಗಟ್ಟಿ ಕಲ್ಲಾಯಿತು. ಹದ ಹೇಗೆ ನೋಡುವುದು ಹೇಳಿಕೊಡಿ.

ಶಿರಸಿ ಕಡೆಯವಳು (ವರ್ಮಾಂಟ್)

ಮೊದಲು ಒಲೆಯನ್ನು ಹೊರಗೆ ಇಡಿ. ನಲವತ್ತು ಲೀಟರಲ್ಲಿ ಮೂವತ್ತೊಂಬತ್ತು ಲೀಟರ್ ಹಬೆಯಾಗಿ ಎಲ್ಲಿಗಾದರೂ ಹೋಗಲೇಬೇಕಲ್ಲ. ನಾಲ್ಕು ಇಟ್ಟಿಗೆ, ಅಗಲ ಬಾಯಿಯ ಸ್ಟೀಲ್ ತಟ್ಟೆ ಸಾಕು. ಕೊನೆಯ ಹದ ಮಾತ್ರ ಒಳಗೆ ತಂದು ಮಾಡಿ. ಸಿಲ್ವರ್ ಮೇಪಲ್‌ನಲ್ಲಿ ಸಿಹಿ ಇನ್ನೂ ಕಮ್ಮಿ, ಮೊಗ್ಗೂ ಬೇಗ ಬರುತ್ತದೆ, ಮೊಗ್ಗು ಬಂದ ಮೇಲೆ ರಸದ ರುಚಿ ಕೆಡುತ್ತದೆ. ಸಿರಪ್ ಖಂಡಿತ ಆಗುತ್ತದೆ, ಸೌದೆ ಜಾಸ್ತಿ ಬೇಡುತ್ತದೆ ಅಷ್ಟೆ. ಹಿಡಿದ ರಸವನ್ನು ಹಾಲಿನ ಹಾಗೆ ನೋಡಿಕೊಳ್ಳಿ: ತಂಪಾಗಿಡಿ, ಅದೇ ದಿನ ಇಲ್ಲವೇ ಮರುದಿನ ಕಾಯಿಸಿ.

ಹದ. ಥರ್ಮಾಮೀಟರ್ ಇದ್ದರೆ ಅವತ್ತು ಬರೀ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ನೋಡಿಕೊಳ್ಳಿ. ಅದಕ್ಕಿಂತ ನಾಲ್ಕು ಡಿಗ್ರಿ ಸೆಲ್ಸಿಯಸ್ ಮೇಲೆ ಹೋದರೆ ಸಿರಪ್. ಪುಸ್ತಕದಲ್ಲಿರುವ 104 ನೋಡಿ ಇಳಿಸಬೇಡಿ, ವಾಯುಭಾರ ಬದಲಾದರೆ ನೀರು ಕುದಿಯುವ ಬಿಂದುವೂ ಬದಲಾಗುತ್ತದೆ. ಆಮೇಲೆ ಹೈಡ್ರೋಮೀಟರ್, ಅಂದರೆ ಪಾಕ ಎಷ್ಟು ಗಟ್ಟಿ ಅಂತ ಅಳೆಯುವ ತೇಲುಗೊಳವೆ. ವರ್ಮಾಂಟಿನ ಕಾನೂನು ಕನಿಷ್ಠ 66.9 ಬ್ರಿಕ್ಸ್ (ತೂಕದಲ್ಲಿ ನೂರಕ್ಕೆ ಅಷ್ಟು ಸಕ್ಕರೆ) ಕೇಳುತ್ತದೆ. ಅದಕ್ಕಿಂತ ತೆಳುವಾದರೆ ಬೂಸಲು ಹಿಡಿಯುತ್ತದೆ, ತುಂಬ ಗಟ್ಟಿಯಾದರೆ ತಳದಲ್ಲಿ ಕಲ್ಲುಸಕ್ಕರೆ ಕಟ್ಟುತ್ತದೆ.

ಆದರೆ ಅಜ್ಜ ನನಗೆ ಮೊದಲು ಕಲಿಸಿದ್ದು ಸೌಟಿನ ಹದ. ಚಪ್ಪಟೆ ಅಂಚಿನ ಸೌಟನ್ನು ಕುದಿಯುವುದರಲ್ಲಿ ಅದ್ದಿ, ದೀಪಕ್ಕೆ ಹಿಡಿದು ಓರೆ ಮಾಡಬೇಕು. ಇನ್ನೂ ಹದ ಬಂದಿಲ್ಲದಿದ್ದರೆ ಮಳೆ ನಿಂತ ಮೇಲೆ ಹೆಂಚಿನಿಂದ ಬೀಳುವ ಹಾಗೆ ಹನಿಹನಿ. ಸ್ವಲ್ಪ ಹೊತ್ತಿಗೆ ಎರಡು ಹನಿ ಅಂಚಿನಲ್ಲೇ ತಡೆದು ನಿಲ್ಲುತ್ತವೆ, ಒಂದಕ್ಕೊಂದು ಸರಿದು ಸೇರುತ್ತವೆ. ಮತ್ತೆ ಅದ್ದಿ ಎತ್ತುತ್ತೀರಿ. ಈಗ ಹನಿಯೇ ಇಲ್ಲ, ಅಂಚಿನ ಉದ್ದಕ್ಕೂ ಒಂದು ತೆಳು ಪರದೆ ಜೋತುಬಿದ್ದು, ನಡುಗಿ, ಇಡಿಯಾಗಿ ಕಳಚಿ ಬೀಳುತ್ತದೆ. ಆಗ ತಟ್ಟೆಯ ಕೊಳಾಯಿ ತಿರುಗಿಸಿ ಸಿರಪ್ ಇಳಿಸಬೇಕು. ಅರ್ಧ ನಿಮಿಷ ತಡ ಮಾಡುವ ಹಾಗಿಲ್ಲ.

ತಡ ಮಾಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಮೂರನೇ ವರ್ಷ, ರಾತ್ರಿ ಹನ್ನೊಂದರ ಹೊತ್ತಿಗೆ, ಹಿಂದಿನ ತಟ್ಟೆಯಿಂದ ಮುಂದಿನ ತಟ್ಟೆಗೆ ರಸ ಬರುವ ಕಡೆ ನೊರೆ ಕಟ್ಟಿ ಹರಿವು ನಿಂತಿತ್ತು. ನಾನು ಸೌದೆ ತುಂಬುತ್ತಲೇ ಇದ್ದೆ, ತಟ್ಟೆ ಕಡೆ ನೋಡಲಿಲ್ಲ. ಸಿಹಿ ವಾಸನೆ ಒಂದು ಕ್ಷಣದಲ್ಲಿ ಕಮಟಿತು. ತಳ ಹಿಡಿದಿತ್ತು. ಅಜ್ಜ ಒಂದು ಬಕೆಟ್ ರಸ ಎತ್ತಿ ಸುರಿದು ತಟ್ಟೆ ಉಳಿಸಿದರು, ಆ ದಿನದ ಸಿರಪ್ ಉಳಿಯಲಿಲ್ಲ. ಬೈಯಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಕೂತು ತಟ್ಟೆ ಉಜ್ಜಿದೆವು.

ಇಳಿಸಿದ ಮೇಲೆ ಬಿಸಿಯಿದ್ದಾಗಲೇ ದಪ್ಪ ಉಣ್ಣೆ ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಮರಳಿನಂಥದ್ದು ಉಳಿಯುತ್ತದೆ, ರಸದೊಳಗಿನ ಖನಿಜವೇ ಅದು, ಹಾನಿಯಿಲ್ಲ. ಬಾಟಲಿಗೆ 85 ಡಿಗ್ರಿ ಬಿಸಿಯಲ್ಲಿ ತುಂಬಿ, ಮುಚ್ಚಿ, ಒಮ್ಮೆ ಅಡ್ಡ ಮಲಗಿಸಿ.

ಪಾಂಡವಪುರ ರೈತ

ನಮ್ಮಲ್ಲಿ ಜೋನಿಗೆ 106ರ ಹತ್ರ, ಅಚ್ಚಿಗೆ 118ರ ಆಸುಪಾಸು. ಅಪ್ಪ ಥರ್ಮಾಮೀಟರ್ ಮುಟ್ಟಿದೋರಲ್ಲ. ತಣ್ಣೀರಿಗೆ ಪಾಕ ಬಿಟ್ಟು ಉಂಡೆ ಕಟ್ಟಿ ನೋಡ್ತಾರೆ. ಪರದೆ ಥರ ಬೀಳೋದು ನಾನೂ ಕಂಡಿದೀನಿ ಅಕ್ಕಾ, ಅದಕ್ಕೊಂದು ಲೆಕ್ಕ ಇದೆ ಅಂತ ಇವತ್ತೇ ಗೊತ್ತಾಗಿದ್ದು.

ನ್ಯೂಜೆರ್ಸಿ ಅಡುಗೆಮನೆ

ಇದನ್ನು ಹೇಳದೇ ಇರಲಾರೆ. 2005ರಿಂದ ನ್ಯೂಯಾರ್ಕ್ ನಗರದ ಮ್ಯಾನ್‌ಹಾಟನ್‌ನಲ್ಲಿ ಆಗಾಗ ಊರಿಗೆ ಊರೇ ಮೇಪಲ್ ಸಿರಪ್ ವಾಸನೆ ಹೊಡೆಯುತ್ತಿತ್ತು. ಜನ ಗಾಬರಿಯಾಗಿ ದೂರು ಕೊಟ್ಟರು. 2009ರಲ್ಲಿ ನಗರಾಡಳಿತ ಮೂಲ ಪತ್ತೆಮಾಡಿತು: ನದಿಯಾಚೆ ನಮ್ಮ ನ್ಯೂಜೆರ್ಸಿಯಲ್ಲಿ ಸುವಾಸನೆ ದ್ರವ್ಯ ಮಾಡುವ ಕಾರ್ಖಾನೆ, ಅಲ್ಲಿ ಸಂಸ್ಕರಿಸುತ್ತಿದ್ದದ್ದು ಮೆಂತ್ಯ! ಮೆಂತ್ಯದಲ್ಲಿರುವ ಸೋಟೊಲಾನ್ ಎಂಬ ಅಂಶಕ್ಕೆ ಮೇಪಲ್‌ನದೇ ಘಮ. ನಕಲಿ ಸಿರಪ್‌ಗೆ ಮೆಂತ್ಯದ ಸಾರ ಬಳಸುವುದೂ ಇದಕ್ಕೇ. ಅಂದಿನಿಂದ ನಮ್ಮ ಮನೆಯಲ್ಲಿ ಮೆಂತ್ಯ ದೋಸೆಗೆ ಮೇಪಲ್ ಸಿರಪ್ಪೇ ಜೊತೆ. ಎರಡೂ ಒಂದೇ ಗೋತ್ರದವು ಅನ್ನಿಸುತ್ತದೆ.

ಬಸವನಗುಡಿ ಅಮ್ಮ

ಕಪ್ಪು ಸಿರಪ್ ಪ್ರಶ್ನೆ ಕೇಳಿದ್ದು ನಾನೇ ಕಣಮ್ಮ. ಬಾಟಲಿ ತೆಗೆದು ರುಚಿ ನೋಡಿದೆ. ಸುಟ್ಟ ಸಕ್ಕರೆ, ಒಣದ್ರಾಕ್ಷಿ, ಸ್ವಲ್ಪ ಹೊಗೆ, ಎಲ್ಲ ಒಟ್ಟಿಗೆ ಬಂತು. ಇಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ಕಡಿಮೆ ಬೆಲೆಗೆ ಸಿಗುವ ಪ್ಯಾನ್‌ಕೇಕ್ ಸಿರಪ್ಪೂ ಇದೂ ಒಂದೇನಾ? ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ, ಇದನ್ನು ಕೊಡಬಹುದಾ?

ಶಿರಸಿ ಕಡೆಯವಳು (ವರ್ಮಾಂಟ್)

ಅಮ್ಮಾ, ರುಚಿ ನೋಡಿದ್ದು ಕೇಳಿ ತುಂಬ ಸಂತೋಷವಾಯಿತು. ಪ್ಯಾನ್‌ಕೇಕ್ ಸಿರಪ್ ಬೇರೆಯೇ. ಅದು ಸಾಮಾನ್ಯವಾಗಿ ಮೆಕ್ಕೆಜೋಳದ ಸಿರಪ್, ಬಣ್ಣ, ಪರಿಮಳ. ಹಿಂದಿನ ಚೀಟಿ ಓದಿ. ಶುದ್ಧವಾದದ್ದರಲ್ಲಿ ಒಂದೇ ಪದಾರ್ಥ ಬರೆದಿರುತ್ತದೆ. ಯಜಮಾನರ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ: ಇದರಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಮ್ಯಾಂಗನೀಸ್ ಇದೆ, ನಿಜ. ಅದಕ್ಕಾಗಿ ಯಾರೂ ಇದನ್ನು ಔಷಧಿ ಅಂತ ಕುಡಿಯಬಾರದು. ಡಾಕ್ಟರನ್ನು ಕೇಳದೆ ಕೊಡಬೇಡಿ.

ನೀವು ಮೊಸರಿಗೆ ಒಂದು ಚಮಚ ಹಾಕಿಕೊಂಡು ನೋಡಿ. ನೀರ್‌ದೋಸೆಗೂ ಚೆನ್ನ. ಹೋಳಿಗೆ ಹೂರಣಕ್ಕೆ ಮಾತ್ರ ಬೇಡ, ನೀರಾಗುತ್ತದೆ.

ಟೊರೊಂಟೊ ಕನ್ನಡತಿ

ಬಾಟಲಿ ತೆಗೆದ ಮೇಲೆ ಫ್ರಿಜ್ಜಿನಲ್ಲಿಡಿ ಅಮ್ಮಾ. ಹೊರಗಿಟ್ಟರೆ ಬೂಸಲು ಬರುತ್ತದೆ. ನಾನು ಫ್ರೀಜರಿನಲ್ಲೇ ಇಡುತ್ತೇನೆ, ಗಟ್ಟಿಯಾಗುವುದೇ ಇಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾತಿಲ್ಲದೆ ಈ ಚರ್ಚೆ ಮುಗಿಯಬಾರದು. ಜಗತ್ತಿನ ಮೇಪಲ್ ಸಿರಪ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಅಲ್ಲಿಯದು. ಬೆಳೆ ಕೈಕೊಟ್ಟ ವರ್ಷಕ್ಕೆ ಅಂತ ಅಲ್ಲಿಯ ಉತ್ಪಾದಕರು ಪೀಪಾಯಿಗಳಲ್ಲಿ ದಾಸ್ತಾನು ಇಡುತ್ತಾರೆ. 2012ರಲ್ಲಿ ನೋಡಿದರೆ ಹತ್ತಿರ ಹತ್ತಿರ 3,000 ಟನ್ ಕಳುವಾಗಿತ್ತು, ಎಷ್ಟೋ ಪೀಪಾಯಿಗಳಲ್ಲಿ ಬರೀ ನೀರು. ಬೆಲೆ ಸುಮಾರು 1.8 ಕೋಟಿ ಕೆನಡಾ ಡಾಲರ್. ನಾವು ಪ್ರತಿ ಮಾರ್ಚ್ ಮಕ್ಕಳನ್ನು ಕರೆದುಕೊಂಡು ಅಲ್ಲಿಯ ಸಕ್ಕರೆ ಗುಡಿಸಲಿಗೆ ಹೋಗುತ್ತೇವೆ. ಶುಭ್ರ ಹಿಮದ ಮೇಲೆ ಬಿಸಿ ಪಾಕ ಎಳೆಯಾಗಿ ಸುರಿದು, ಕಡ್ಡಿಗೆ ಸುತ್ತಿ ಕೊಡುತ್ತಾರೆ. ಮಕ್ಕಳಿಗೆ ಅದೇ ಜಾತ್ರೆ.

ಶಿರಸಿ ಕಡೆಯವಳು (ವರ್ಮಾಂಟ್)

ಇಲ್ಲೂ ಇದೆ! 112 ಡಿಗ್ರಿಗೆ ಏರಿಸಿದ ಪಾಕ ಹಿಮದ ಮೇಲೆ ಬಿದ್ದರೆ ಜಗಿಯುವ ಹದಕ್ಕೆ ಬರುತ್ತದೆ. ವರ್ಮಾಂಟಿನಲ್ಲಿ ಅದರ ಜೊತೆ ಡೋನಟ್, ಸಬ್ಬಸಿಗೆ ಹಾಕಿದ ಹುಳಿ ಸೌತೆ ಉಪ್ಪಿನಕಾಯಿ ಕೊಡುತ್ತಾರೆ. ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ನನಗೆ ಅನ್ನಿಸಲೇ ಇಲ್ಲ. ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲು ಕುಡಿದು ಕುಡಿದು ಬಾಯಿ ಕಟ್ಟಿದಾಗ ಮಿರ್ಚಿ ಭಜಿ, ಖಾರ ಮಂಡಕ್ಕಿ ಕೊಡುತ್ತಾರಲ್ಲ, ಮತ್ತೆ ಹಾಲು ಕುಡಿಯಲು ನಾಲಿಗೆ ತಯಾರಾಗುತ್ತದೆ. ಇದೂ ಅದೇ. ಹೋದ ವರ್ಷ ನಾನು ಮಂಡಕ್ಕಿ ಕಲಸಿ ಒಯ್ದಿದ್ದೆ. ಅಜ್ಜಿ ಎರಡು ಸಲ ಹಾಕಿಸಿಕೊಂಡರು.

ಶಿರಸಿ ಕಡೆಯವಳು (ವರ್ಮಾಂಟ್)

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಕೊನೆಯ ಒಲೆ ಆರಿತು. ಮೇಪಲ್ ತುದಿಗಳಲ್ಲಿ ಮೊಗ್ಗು ಉಬ್ಬಿದೆ, ಕೊಳದಲ್ಲಿ ಕಪ್ಪೆ ಕೂಗುತ್ತಿವೆ. ಮೊಗ್ಗು ಬಂದ ಮೇಲಿನ ರಸ ಕಾಯಿಸಿದರೆ ಒಂಥರಾ ಕೆಟ್ಟ ವಾಸನೆ, ಬೆಂದ ಎಲೆಕೋಸಿನದು ಅನ್ನಿಸುತ್ತದೆ ನನಗೆ. ಅಜ್ಜಿ ಹಬೆ ಮೂಸಿದರು, "ಸಾಕು" ಅಂದರು. ನಳಿಕೆ ಕಿತ್ತು ತೊಳೆಯುತ್ತಿದ್ದೇವೆ. ಈ ಸಲ ಬೇಗ ಬೆಚ್ಚಗಾಯಿತು, 430 ಲೀಟರ್ ಆಯಿತು. ಕಿಟಕಿಯಲ್ಲಿ ಹದಿನಾಲ್ಕು ಸೀಸೆ ಇವೆ. ಕೊನೆಯದು ಬೆಳಕಿಗೆ ಹಿಡಿದರೂ ಆಚೆ ಕಾಣುವುದಿಲ್ಲ. ನನಗೆ ಕೂಲಿಯಾಗಿ ಕೊಡಲು ಬಂದಾಗ ಅದನ್ನೇ ಕೇಳಿ ತಂದಿದ್ದೇನೆ.

ಪಾಂಡವಪುರದ ತಮ್ಮಾ, ಜೂನಿನಲ್ಲಿ ಊರಿಗೆ ಬರುತ್ತಿದ್ದೇನೆ. ಒಂದು ಬಾಟಲಿ ನಿಮ್ಮಪ್ಪನಿಗೆ ಎತ್ತಿಟ್ಟಿದ್ದೇನೆ.

ಪಾಂಡವಪುರ ರೈತ

ಅಪ್ಪನಿಗೆ ಓದಿ ಹೇಳ್ದೆ ಅಕ್ಕಾ. ಸೀಸೆ ಸಾಲಾಗಿ ಇಡೋದು ಕೇಳಿ ಸುಮ್ನೆ ಕೂತಿದ್ರು. ಆಮೇಲೆ "ನಾಳೆ ಒಂದು ಕೊಪ್ಪರಿಗೆಗೆ ಹೈಡ್ರೋಸ್ ಬೇಡ, ಬೆಂಡೆ ಲೋಳೇಲೇ ಕೊಳೆ ತೆಗಿ, ಕಪ್ಪಾದ್ರೆ ಆಗ್ಲಿ" ಅಂದ್ರು. ನಿಮ್ಮ ಪಾಲು ಹತ್ತು ಅಚ್ಚು ಬೇರೆ ಇಟ್ಟಿರ್ತೀನಿ. ಬರೋ ದಿನ ತಿಳಿಸಿ, ಮೈಸೂರಿಗೆ ಬಂದು ಕರ್ಕೊಂಡು ಹೋಗ್ತೀನಿ.